ಸಿಟ್ಟಿಗೊಂದು ಹಾಡು ಬೇಕು

ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಬಂದ ರೈತ ಬಾಂಧವರೇ, ಒಂದು ದಿನದ ಕೂಲಿ ಬಿಟ್ಟು ಬಂದು ಕೂತಿರುವ ಹಮಾಲಿ ಅಣ್ಣಂದಿರೇ, ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರೇ, ಹಾಡು ಕಟ್ಟುವ ಹುಡುಗ ಹುಡುಗಿಯರೇ,

ಹಾವೇರಿಯ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಇವತ್ತು ಒಂದೇ ವಿಷಯ ಹೇಳುತ್ತೇನೆ, ಅದು ದುಡಿಯುವವರ ಸಿಟ್ಟು. ಹಾಡಿಗೆ ಬಾರದ ಸಿಟ್ಟನ್ನು ಊರು ಗಲಾಟೆ ಎಂದಷ್ಟೇ ನೆನಪಿಡುತ್ತದೆ. ಹಾಡಿಗೆ ಬಂದರೆ, ಆ ಸಿಟ್ಟು ಯಾಕೆ ಬಂತು, ಯಾರ ಮೇಲೆ ಬಂತು ಎಂಬ ಲೆಕ್ಕ ಉಳಿಯುತ್ತದೆ.

ಬ್ಯಾಡಗಿ ಪೇಟೆಯನ್ನೇ ನೋಡಿ. ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟು. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು. ಖರೀದಿದಾರ ಬಾಯಿ ಬಿಚ್ಚಿದ ಚೀಲಕ್ಕೆ ಕೈ ಹಾಕುತ್ತಾನೆ, ಬಣ್ಣ ನೋಡುತ್ತಾನೆ, ಹಸಿ ಇದೆಯೇ ಎಂದು ಹಿಚುಕಿ ನೋಡುತ್ತಾನೆ, ಮುಂದಿನ ಚೀಲಕ್ಕೆ ಹೋಗುತ್ತಾನೆ. ಬೀಜ, ಗೊಬ್ಬರ, ಎಣ್ಣೆ ಹೊಡೆದ ಖರ್ಚು, ಬಿಡಿಸಿದ ಆಳಿನ ಕೂಲಿ, ಲಾರಿ ಬಾಡಿಗೆ ಎಲ್ಲವನ್ನೂ ಕೊಟ್ಟು ಬಂದ ರೈತ ಪಕ್ಕದಲ್ಲೇ ನಿಂತಿರುತ್ತಾನೆ. ಟೆಂಡರಿನಲ್ಲಿ ದರ ಬರುವವರೆಗೆ ಅವನು ಬಾಯಿ ಬಿಡುವಂತಿಲ್ಲ. 2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತು. ಅಂದು ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಬೆಂಕಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಆದರೆ ಸುಟ್ಟ ವಾಹನಗಳ ಚಿತ್ರ ನಮ್ಮೆಲ್ಲರ ಕಣ್ಣಲ್ಲಿ ಕೂತಿದೆ, ಕುಸಿದ ದರ ಎಷ್ಟು ಜನರ ನೆನಪಿನಲ್ಲಿದೆ?

ಇದೇ ಹಾವೇರಿಯಲ್ಲಿ 2008ರ ಜೂನ್ 10ರಂದು, ಬಿತ್ತನೆಯ ಹೊತ್ತಿಗೆ ಗೊಬ್ಬರ ಕೊಡಿ ಎಂದು ಬೀದಿಗೆ ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಆ ದಿನದ ವರದಿ ಪತ್ರಿಕೆಗಳಲ್ಲಿದೆ. ಶಾಲೆಯ ಮಕ್ಕಳ ಬಾಯಲ್ಲಿ ಆ ದಿನದ ಹಾಡು ಇರಬೇಕಿತ್ತು.

ಸಿಟ್ಟನ್ನು ಹಾಡುವುದು ನಮಗೆ ಹೊಸದೇನಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ತುಂಗಭದ್ರೆಯಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲೇ ಡಾಂಭಿಕರನ್ನು ಮುಖಕ್ಕೆ ಹೊಡೆದಂತೆ ಬೈದವನು. ಬಹುತೇಕ ಶರಣರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಅವನು ತನ್ನ ಕಸುಬನ್ನೂ ತನ್ನ ಹೆಸರನ್ನೂ ಇಟ್ಟ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿದರು. ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಸೊರಗಿತು, ಬಡವರ ರಾಗಿ ಗಟ್ಟಿಯಾಗಿ ಉಳಿದು ಗೆದ್ದಿತು. ಸಿರಿವಂತರ ಸೊಕ್ಕಿನ ಮೇಲಿನ ಸಿಟ್ಟು ಅಲ್ಲಿ ಕಾವ್ಯವಾಗಿ ನಿಂತಿದೆ.

ನಮ್ಮ ಕಾಲದಲ್ಲೂ ಈ ಪರಂಪರೆ ಬತ್ತಲಿಲ್ಲ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅವರ ಹಾಡುಗಳು ದಲಿತ ಚಳವಳಿಯ ಜಾಥಾಗಳಲ್ಲಿ ಊರೂರು ಸುತ್ತಿದವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಮ್ಮ ಹತ್ತಿಮತ್ತೂರಿನ ಕವಿ ಚಂಪಾ ಅದರ ಮುಂಚೂಣಿಯಲ್ಲಿದ್ದರು. ಮರುವರ್ಷ ನರಗುಂದ, ನವಲಗುಂದದ ರೈತರು ಎದ್ದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಗೋಮಾಳದಲ್ಲಿ ಕಾರ್ಖಾನೆಗೆಂದು ನೆಟ್ಟಿದ್ದ ನೀಲಗಿರಿಯನ್ನು ಜನ ಕಿತ್ತರು, ಆ ಜಾಗದಲ್ಲೇ ಊರಿಗೆ ಬೇಕಾದ ಸಸಿ ಹಚ್ಚಿದರು. ಏನು ಬೇಡ, ಏನು ಬೇಕು ಎರಡನ್ನೂ ಬಲ್ಲ ಸಿಟ್ಟು ಅದು.

ಹೊರಗಿನ ಲೋಕದಲ್ಲೂ ಇದೇ ಕಥೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರು ಕಾರ್ಖಾನೆಗಳು ಸೊರಗಿ ದುಡಿಯುವ ಮಂದಿ ನಿರುದ್ಯೋಗಿಗಳಾದಾಗ, ಆ ಊರಿನ ಸ್ಪೆಷಲ್ಸ್ ತಂಡ ‘ಘೋಸ್ಟ್ ಟೌನ್’ ಹಾಡಿತು. 1981ರ ಜುಲೈನಲ್ಲಿ ಆ ದೇಶದ ನಗರಗಳಲ್ಲಿ ದಂಗೆ ಎದ್ದಿದ್ದಾಗ ಅಲ್ಲಿಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅದೇ ಹಾಡು. ನಾಟಿಂಗ್‌ಹ್ಯಾಮಿನ ಸ್ಲೀಫರ್ಡ್ ಮಾಡ್ಸ್ ತಂಡದವರು ಒಂದು ಲ್ಯಾಪ್‌ಟಾಪ್, ಒಂದು ಮೈಕು ಇಟ್ಟುಕೊಂಡು, ತಮ್ಮ ಸೀಮೆಯ ಮಾತಿನಲ್ಲೇ ಪುಡಿಗಾಸಿನ ನೌಕರಿಯ ಅವಮಾನವನ್ನು ಉಗುಳಿದರು. ಲಂಡನ್ನಿನ ಗ್ರೆನ್‌ಫೆಲ್ ಟವರ್ 2017ರಲ್ಲಿ ಹೊತ್ತಿ ಉರಿದು 72 ಜನ ಸತ್ತರು. ಮರುವರ್ಷ ಬ್ರಿಟ್ ಸಂಗೀತ ಪ್ರಶಸ್ತಿಯ ವೇದಿಕೆಯಲ್ಲಿ ರ‍್ಯಾಪ್ ಗಾಯಕ ಸ್ಟಾರ್ಮ್‌ಜಿ, ಸಂತ್ರಸ್ತರ ಹಣ ಎಲ್ಲಿ ಎಂದು ಪ್ರಧಾನಿ ತೆರೇಸಾ ಮೇ ಅವರ ಹೆಸರು ಹಿಡಿದೇ ಕೇಳಿದ. ಲೆಕ್ಕ ಕೇಳುವುದು ಎಂದರೆ ಹೀಗೆ.

ನಮ್ಮ ಮೇಳದವರಿಗೂ ಈ ಪಟ್ಟು ಗೊತ್ತು. ಗೀಗೀ ಪದಕ್ಕೆ ಒಂದು ಡಪ್ಪು, ಒಂದು ತುಂತುಣಿ, ಹಿಂದೆ ಸೊಲ್ಲು ಹಿಡಿಯುವವರು ಇದ್ದರೆ ಸಾಕು. ಹರದೇಶಿ ನಾಗೇಶಿಯವರು ರಾತ್ರಿಯಿಡೀ ಸವಾಲು ಜವಾಬು ನಡೆಸುತ್ತಾರೆ. ಮೊಬೈಲಿನಲ್ಲಿ ತಾಳ ಹಾಕಿಕೊಂಡು ರ‍್ಯಾಪ್ ಕಟ್ಟುವ ನಮ್ಮ ಹುಡುಗರು ಈ ಮನೆತನದವರೇ. ಅವರನ್ನು ಕೆಟ್ಟವರೆಂದು ಬದಿಗೆ ತಳ್ಳಬೇಡಿ. ಅವರಿಗೂ ನನ್ನದೊಂದು ಮಾತಿದೆ. ತಮ್ಮಾ, ಹೆಣ್ಣುಮಕ್ಕಳನ್ನು ಹೀಯಾಳಿಸಿ, ನಿನಗಿಂತ ಬಡವನನ್ನು ಬೈದು ಗಂಡಸ್ತನ ತೋರಿಸುವ ಹಾಡು ಸಿಟ್ಟಿನ ಹಾಡಲ್ಲ. ನಿನ್ನ ಸಿಟ್ಟು ಮೇಲಿನವರ ಕಡೆ ಮುಖ ಮಾಡಲಿ. ನಿನ್ನ ಅವ್ವ ಮುಂಜಾನೆಯಿಂದ ಸಂಜೆಯವರೆಗೆ ತೊಟ್ಟು ಬಿಡಿಸಿ, ಘಾಟಿಗೆ ಕೆಮ್ಮುತ್ತ, ಉರಿಯುವ ಬೆರಳಿಂದ ರೊಟ್ಟಿ ಬಡಿಯುತ್ತಾಳಲ್ಲ, ಅವಳ ಕೂಲಿಯ ಲೆಕ್ಕ ಹಾಡು. ನಿಮ್ಮ ಮನೆಯ ಮಾತಿನಲ್ಲೇ ಹಾಡು.

ಈ ಸಮ್ಮೇಳನ ಮೂರು ಠರಾವು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಒಂದು, ಹಮಾಲರ, ಕೂಲಿ ಹೆಣ್ಣುಮಕ್ಕಳ ಹಾಡುಗಳನ್ನು ಹಾಡಿದವರ ಹೆಸರಿನ ಸಮೇತ ದಾಖಲಿಸಬೇಕು. ಎರಡು, ಮುಂದಿನ ಸಮ್ಮೇಳನದಲ್ಲಿ ಅರ್ಧ ದಿನ ಗೀಗೀ ಮೇಳದವರಿಗೂ ರ‍್ಯಾಪ್ ಹುಡುಗರಿಗೂ ಒಂದೇ ವೇದಿಕೆ ಕೊಡಬೇಕು, ಹಾಡುವವರಲ್ಲಿ ಹೆಣ್ಣುಮಕ್ಕಳೂ ಇರಬೇಕು. ಮೂರು, 2008ರ ಜೂನ್ 10 ಮತ್ತು 2024ರ ಮಾರ್ಚ್ 11ರ ಬಗ್ಗೆ ಹಾಡು ಕಟ್ಟಲು ನಮ್ಮ ಕವಿಗಳನ್ನು ಕರೆಯಬೇಕು. ಆ ಹಾಡುಗಳಲ್ಲಿ ಸಾಲ, ದರ, ತೂಕ ಎಲ್ಲವೂ ಬರಲಿ.

ಸಿಟ್ಟು ಬರದ ಸಮಾಜ ಸುಖವಾಗಿದೆ ಎಂದು ನಾನು ನಂಬುವುದಿಲ್ಲ, ಅದು ಸೋತು ಸುಮ್ಮನಾಗಿರಬಹುದು. ನಮ್ಮವರು ಸೋತಿಲ್ಲ. ಅವರ ಬಾಯಿಗೆ ಮೈಕು ಕೊಡುವ ಕೆಲಸ ನಮ್ಮದು, ಕೇಳಿಸಿಕೊಂಡು ಉತ್ತರ ಕೊಡುವ ಕೆಲಸ ಆಳುವವರದು. ನಮ್ಮ ಪಾಲಿನ ಕೆಲಸವನ್ನು ಇವತ್ತೇ ಶುರು ಮಾಡೋಣ.