ಒಕ್ಕೂಟದ ಕಚೇರಿಯೂ ನಮ್ಮ ಮನೆಯೇ
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತು)



ಮನೆಗೆ ಸಾಮಾನು ತರುವಾಗ ಡಬ್ಬಿಯಲ್ಲಿ ಎಷ್ಟಿದೆ, ಎಷ್ಟು ಬೇಕು ಅಂತ ನೋಡಿಯೇ ಅಂಗಡಿಗೆ ಹೋಗ್ತೇವೆ. ಒಕ್ಕೂಟದ ಕಚೇರಿಗೆ ಪೇಪರು, ಪೆನ್ನು, ಫೈಲು ತರುವಾಗ ಮಾತ್ರ ಈ ಲೆಕ್ಕ ಎಲ್ಲಿ ಹೋಗುತ್ತದೆ? ಅದೂ ನಮ್ಮ ಸಂಘಗಳು ಕಟ್ಟಿದ ವಂತಿಗೆಯ ಹಣವೇ ಅಲ್ವಾ?

‘ಹಸಿರು ಕಟ್ಟಡ’ ಅನ್ನುವ ಮಾತು ನೀವು ಕೇಳಿರಬಹುದು. ಹೈದರಾಬಾದಿನ ಅಂಥ ಒಂದು ಕೇಂದ್ರವನ್ನು 2004ರಲ್ಲಿ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. ಇಂಥ ಕಟ್ಟಡಗಳಲ್ಲಿ ಗಾಳಿ-ಬೆಳಕು, ನೀರಿನ ಉಳಿತಾಯವನ್ನಷ್ಟೇ ನೋಡುವುದಿಲ್ಲ. ಕಾಗದ, ಗಾಜು, ಪ್ಲಾಸ್ಟಿಕ್ ಬೇರೆ ಬೇರೆ ಇಡಲು ಜಾಗ ಉಂಟಾ, ಖರೀದಿ ಹೇಗೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈ ಎರಡು ಕೆಲಸ ನಮ್ಮ ಹಂಚಿನ ಮಾಡಿನ ಕೋಣೆಯಲ್ಲೂ ಸಾಧ್ಯ.

ಮೊದಲು ಖರೀದಿ. ಒಂದು ರೀಮಿನಲ್ಲಿ 500 ಹಾಳೆ. ಒಂದೇ ಬದಿ ಮುದ್ರಿಸಿದರೆ 500 ಪುಟ, ಎರಡೂ ಬದಿಗೆ 1000 ಪುಟ. ರೀಫಿಲ್ ಹಾಕುವ ಪೆನ್ನು ತನ್ನಿ. ಪ್ಲಾಸ್ಟಿಕ್ ಫೈಲಿನ ಬದಲು ರಟ್ಟಿನ ಫೈಲು ಸಾಕು. ತರಬೇತಿಗೆ ಕೊಡುವ ಚೀಲವನ್ನು ನಮ್ಮ ಸಂಘದ ಹೊಲಿಗೆಯವರಿಂದಲೇ ಹೊಲಿಸಿ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ದಿನಾಂಕ ಬರೆಯದ ಬಟ್ಟೆ ಬ್ಯಾನರು ವರ್ಷ ವರ್ಷವೂ ಉಪಯೋಗಕ್ಕೆ ಬರುತ್ತದೆ.

ಇನ್ನು ರದ್ದಿ. ಒಂದು ಬದಿ ಖಾಲಿ ಇರುವ ಹಾಳೆ ಹೊಲಿದು ಕಚ್ಚಾ ಪುಸ್ತಕ ಮಾಡಿ. ಆದರೆ ಜೋಕೆ! ಸದಸ್ಯರ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಇದಕ್ಕೆ ಬಳಸಬೇಡಿ. ಬೇಡವಾದರೆ ಸಣ್ಣಗೆ ಹರಿದು ಹಾಕಿ. ಲೆಡ್ಜರ್, ನಿರ್ಣಯ ಪುಸ್ತಕ, ರಶೀದಿ ಲೆಕ್ಕಪರಿಶೋಧನೆಗೆ ಬೇಕು, ಅವು ರದ್ದಿಯಲ್ಲ. ಬ್ಯಾಟರಿ, ಪ್ರಿಂಟರಿನ ಕಾರ್ಟ್ರಿಜ್, ಹಾಳಾದ ಟ್ಯೂಬ್‌ಲೈಟ್ ಪ್ರತ್ಯೇಕ ಇಡಿ. ಟ್ಯೂಬಿನೊಳಗೆ ಪಾದರಸ ಇದೆ, ಒಡೆಯಬಾರದು. ಹಿತ್ತಲಲ್ಲಿ ಪ್ಲಾಸ್ಟಿಕ್ ಸುಟ್ಟರೆ ಆ ವಿಷದ ಹೊಗೆ ನಮ್ಮ ಮಕ್ಕಳ ಎದೆಗೇ ಹೋಗುತ್ತದೆ.

ಒಂದು ಮಾತು ಯೋಚಿಸಿ. ನಮ್ಮ ಕಸಕ್ಕೆ ಕೈ ಹಾಕುವವರು ಯಾರು? ಹೆಚ್ಚಾಗಿ ನಮ್ಮಂಥ ಹೆಂಗಸರೇ. ಚಹಾ, ಅನ್ನ ಚೆಲ್ಲಿ ಒದ್ದೆಯಾದ ಕಾಗದಕ್ಕೆ ಗುಜರಿಯಲ್ಲಿ ಬೆಲೆ ಸಿಗುವುದಿಲ್ಲ. ಅಲ್ಲಿಗೆ ಆ ತಾಯಿಯ ಅಂದಿನ ಸಂಪಾದನೆ ಹೋಯಿತು. ಒಡೆದ ಗಾಜು ಅವಳ ಕೈಯನ್ನೇ ಕೊಯ್ಯುತ್ತದೆ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಬೇಕೆಂದು ತಿಳಿಸಿದ್ದು ಇದನ್ನೇ.

ಮುಂದಿನ ಸಭೆಯಲ್ಲೇ ನಿರ್ಣಯ ಬರೆಯಿರಿ: ಖರೀದಿಗೆ ಮುಂಚೆ ಕಪಾಟು ನೋಡುವುದು, ಒಣ ಕಾಗದಕ್ಕೆ ಒಂದು ಪೆಟ್ಟಿಗೆ ಇಡುವುದು. ಅದನ್ನು ಬಾಗಿಲಿಗೆ ಬರುವ ಆ ಸಹೋದರಿಯ ಕೈಗೇ ಕೊಡಿ. ಅವಳು ಯಾವ ಸಂಘದಲ್ಲೂ ಇಲ್ಲದಿದ್ದರೆ, ನಮ್ಮ ಸಂಘಕ್ಕೆ ಕರೆಯಿರಿ.