ಇಪ್ಪತ್ತೈದು ಎಕರೆ, ಎರಡು ಕಾಡು

ಬೀದರ್ ಜಿಲ್ಲೆಯ ರೈತರಿಗೆ ಚಿಗರಿ ಹಿಂಡು ಹೊಸದಲ್ಲ. ಉದ್ದು, ಸೋಯಾ ಮೊಳಕೆಯೊಡೆದಾಗ ಹೊಲಕ್ಕಿಳಿಯುವ ಕೃಷ್ಣಮೃಗಗಳನ್ನು ಓಡಿಸುತ್ತಲೇ ರಾತ್ರಿ ಕಳೆದವರು ಇಲ್ಲಿದ್ದಾರೆ. ಹುಮನಾಬಾದ್, ಬಸವಕಲ್ಯಾಣದ ಕಡೆ ಆನೆಗಳಿಲ್ಲ. ಆದರೂ ಆನೆದಾರಿಯ ಕಥೆಯೊಂದನ್ನು ಇಲ್ಲಿನವರೂ ಕೇಳಬೇಕು.

ಕಥೆ ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಒಂದೆಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದೆಡೆ ಮಲೆ ಮಹದೇಶ್ವರ ಬೆಟ್ಟದತ್ತ ಹಬ್ಬಿದ ಕಾಡು. ಎರಡನ್ನೂ ಕೂಡಿಸುವ ಕಿರಿದಾದ ಪಟ್ಟಿಗೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಎಂದು ಹೆಸರು. ಅದರ ನಡುವೆ ರೈತರ ಹೊಲಗಳಿದ್ದವು. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಪ್ರಾಣಿ ಒಂದೇ ಕಾಡಿನಲ್ಲಿ ವರ್ಷವಿಡೀ ನಿಲ್ಲುವುದಿಲ್ಲ. ನೀರು, ಹುಲ್ಲು ಅರಸಿ ಹಳೆಯ ಜಾಡಿನಲ್ಲೇ ನಡೆಯುತ್ತದೆ. ಜಾಡಿಗೆ ರಾಗಿ ಅಡ್ಡ ಬಂದರೆ ರಾಗಿಯೂ ಮೇವೇ.

ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಐಫಾ ಎಂಬ ಅಂತರರಾಷ್ಟ್ರೀಯ ಪ್ರಾಣಿ ಕಲ್ಯಾಣ ಸಂಸ್ಥೆಯ ನೆರವಿನಿಂದ ಇಲ್ಲಿ ಸುಮಾರು 25 ಎಕರೆ ಹೊಲ ಖರೀದಿಸಿ 2009ರಲ್ಲಿ ರಾಜ್ಯ ಅರಣ್ಯ ಇಲಾಖೆಗೆ ಒಪ್ಪಿಸಿತು. ಕೃಷಿಕರಲ್ಲದವರು ಹೊಲ ಕೊಳ್ಳಲು ರಾಜ್ಯದ ಭೂಸುಧಾರಣಾ ಕಾಯ್ದೆ ಆಗ ಬಿಗಿಯಾಗಿ ಅಡ್ಡ ನಿಂತಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಕೆಲಸವಲ್ಲ.

ಇಷ್ಟು ದೊಡ್ಡ ಕಾಡಿಗೆ ಇಪ್ಪತ್ತೈದು ಎಕರೆ ಯಾವ ಲೆಕ್ಕ? ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯವೇ 500 ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ಇಲ್ಲಿ ಎಷ್ಟು ಎಕರೆ ಎನ್ನುವುದಕ್ಕಿಂತ ಯಾವ ಎಕರೆ ಎನ್ನುವುದೇ ಮುಖ್ಯ. ಅದನ್ನು ಹೇಳುವುದು ಕ್ಷೇತ್ರ ಅಧ್ಯಯನ. ಲದ್ದಿ, ಹೆಜ್ಜೆ, ಮರಕ್ಕೆ ಮೈ ತಿಕ್ಕಿದ ಗುರುತು, ಕ್ಯಾಮೆರಾ ಟ್ರ್ಯಾಪ್ ಚಿತ್ರ, ಊರಿನ ಹಿರಿಯರ ನೆನಪು ಎಲ್ಲವೂ ನಕ್ಷೆಗೆ ಸೇರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಇದೇ ಸೀಮೆಯಲ್ಲಿ ಆನೆಗಳ ಹಿಂದೆ ಅಲೆದು ಅವು ಬೆಳೆಗೆ ಏಕೆ ನುಗ್ಗುತ್ತವೆ ಎಂದು ಅಧ್ಯಯನ ಮಾಡಿದವರು. ದೇಶದ ಆನೆದಾರಿಗಳನ್ನು ಪಟ್ಟಿ ಮಾಡಿದ ಟ್ರಸ್ಟ್‌ನ 2005ರ ವರದಿಯಲ್ಲಿ 88, 2017ರ ಪರಿಷ್ಕೃತ ವರದಿಯಲ್ಲಿ 101 ಕಾರಿಡಾರ್‌ಗಳಿವೆ.

ಎಲ್ಲವನ್ನೂ ಕೊಂಡು ಮುಗಿಸುವುದು ಆಗದ ಮಾತು. ನೀಲಗಿರಿಯ ಸೀಗೂರು ಆನೆದಾರಿಯಲ್ಲಿ ವಿವಾದ ರೆಸಾರ್ಟುಗಳ ಜೊತೆಗೆ. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆನೆಗಳ ಪರ ನಿಂತಿತು. ಇನ್ನು ಕಾಡಿನೊಳಗೇ ಬಾಳುವ ಸೋಲಿಗರಂಥವರ ಹಕ್ಕನ್ನು ಬದಿಗೊತ್ತಿ ದಾರಿ ಮಾಡಿದರೆ ಅದು ನ್ಯಾಯವಲ್ಲ. ಮಾರಲು ಒಪ್ಪಿದ ರೈತ, ತಕ್ಕ ಬೆಲೆ, ಗಟ್ಟಿಯಾದ ಕಾಗದಪತ್ರ ಇವಿಲ್ಲದ ಖರೀದಿ ಬಾಳುವುದೂ ಇಲ್ಲ.

ಚಿಗರಿಯ ವಿಷಯಕ್ಕೆ ಬಂದರೆ, ಅದಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಬಯಲು ಹುಲ್ಲುಗಾವಲು. ಅದು ಹೆಚ್ಚಾಗಿ ಉಳಿದಿರುವುದು ಗಾಯರಾಣದಲ್ಲಿ, ಅಂದರೆ ಸರ್ಕಾರದ ನೆಲದಲ್ಲೇ. ಅಲ್ಲಿ ಕೊಳ್ಳುವ ಮಾತಿಲ್ಲ, ಒತ್ತುವರಿ ತಡೆದರೆ ಸಾಕು. ಹಿಂಡು ಯಾವ ತಿಂಗಳು ಎಲ್ಲಿ ಮೇಯುತ್ತದೆ, ಹೆದ್ದಾರಿಯನ್ನು ಎಲ್ಲಿ ದಾಟುತ್ತದೆ ಎಂದು ಹೊಲದವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೇಳುಗರಲ್ಲಿ ಅಂಥವರಿದ್ದರೆ, ಕಂಡ ಜಾಗ, ದಿನ, ಹಿಂಡಿನ ಎಣಿಕೆ ಬರೆದಿಟ್ಟು ಹತ್ತಿರದ ವಲಯ ಅರಣ್ಯ ಕಚೇರಿಗೆ ತಲುಪಿಸಿ. ಬೆಳೆ ಹಾಳಾಗಿದ್ದರೆ ಪರಿಹಾರದ ಅರ್ಜಿಯನ್ನೂ ಅದರ ಜೊತೆಗೇ ಕೊಡಿ.