ಕ್ಯಾಮೆರಾದ ಬ್ರ್ಯಾಂಡೂ ಮಲೆನಾಡಿನ ಬೂಷ್ಟೂ
(ಪರಿಸರ ದಾಖಲಾತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಬರಿದಾದ ಕಾಡು, ಕುಸಿದ ಗುಡ್ಡ, ಬತ್ತಿದ ಹಳ್ಳಗಳ ಛಾಯಾಚಿತ್ರ ನಮಗೆ ಅಲಂಕಾರವಲ್ಲ, ಸಾಕ್ಷ್ಯ. ಹತ್ತು ವರ್ಷದ ಹಿಂದೆ ಈ ಹಳ್ಳದ ದಂಡೆ ಹೇಗಿತ್ತೆಂಬ ಪ್ರಶ್ನೆ ಎದ್ದಾಗ ದಿನಾಂಕ, ಸ್ಥಳ ನಮೂದಿಸಿದ ಒಂದು ಸ್ಪಷ್ಟ ಚಿತ್ರ ಉತ್ತರ ನೀಡಬಲ್ಲದು. ಆದರೆ ಹೆಸರಾಂತ ಕಂಪನಿಯ ದುಬಾರಿ ಸಲಕರಣೆ ಇಲ್ಲದೆ ಇದು ಸಾಧ್ಯವಿಲ್ಲವೆಂದು ಅನೇಕರು ಹಿಂಜರಿಯುತ್ತಾರೆ. ಈ ಹಿಂಜರಿಕೆಗೆ ಆಧಾರವಿಲ್ಲ.

ಮಲೆನಾಡಿನಲ್ಲಿ ಕ್ಯಾಮೆರಾದ ಮುಖ್ಯ ಶತ್ರು ಬೂಷ್ಟು. ದಾಸ್ತಾನಿಟ್ಟ ಬಿತ್ತನೆ ಬೀಜವನ್ನು ಕೆಡಿಸುವ ಆಸ್ಪರ್ಜಿಲಸ್, ಪೆನಿಸಿಲಿಯಮ್ ಕುಲದ ಶಿಲೀಂಧ್ರಗಳೇ ಲೆನ್ಸಿನ ಗಾಜಿನ ಮೇಲೂ ಬೆಳೆಯುತ್ತವೆ. ಸಾಪೇಕ್ಷ ಆರ್ದ್ರತೆ ಶೇ. 65-70ನ್ನು ಮೀರಿ ಬಹುದಿನ ನಿಂತರೆ ಅವು ಚಿಗುರುತ್ತವೆ. ಸ್ರವಿಸುವ ಆಮ್ಲದಿಂದ ಗಾಜಿನ ಲೇಪವನ್ನು ಕೊರೆಯುತ್ತವೆ. ಆಮೇಲೆ ಎಷ್ಟು ಒರೆಸಿದರೂ ಆ ಕಲೆ ಹೋಗದು. ದುಬಾರಿ ಲೆನ್ಸಿನ ರಬ್ಬರ್ ಅಂಚು ಮಳೆಹನಿಯನ್ನು ತಡೆದೀತು, ಗಾಳಿಯ ತೇವವನ್ನು ಪೂರ್ಣವಾಗಿ ತಡೆಯದು.

ಪರಿಹಾರ ಬೀಜ ಸಂರಕ್ಷಣೆಯದೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾ ಮಾಪಕ ಇಷ್ಟು ಸಾಕು. ಆರ್ದ್ರತೆ ಶೇ. 40-50ರಲ್ಲಿರಲಿ. ಬಣ್ಣ ಬದಲಾದ ಜೆಲ್ಲನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ಮರಳಿ ಬಳಸಬಹುದು. ನೀಲಿ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುತ್ತದೆ. ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು. ತೇವ ಹೀರುವ ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಕ್ಯಾಮೆರಾ ಇಡಬೇಡಿ.

ಇನ್ನು ಅಗ್ಗದ ಪರ್ಯಾಯಗಳು. ಟ್ಯಾಮ್ರಾನ್, ಸಿಗ್ಮಾ, ಟೋಕಿನಾ ಕಂಪನಿಗಳು ಇತರರ ಕ್ಯಾಮೆರಾಗಳಿಗೂ ಲೆನ್ಸ್ ತಯಾರಿಸುತ್ತ ಬಂದಿವೆ. ಕೀಟ, ಹೂವು, ಎಲೆಚುಕ್ಕೆ ರೋಗಗಳ ಸಮೀಪ ಚಿತ್ರಕ್ಕೆ ಹಳೆಯ 50 ಮಿ.ಮೀ. ಲೆನ್ಸನ್ನು ಉಂಗುರದ ಸಹಾಯದಿಂದ ತಿರುಗಿಸಿ ಜೋಡಿಸಬಹುದು. ಇಲ್ಲವೆ ಗಾಜಿಲ್ಲದ ಪೊಳ್ಳು ನಳಿಕೆಯನ್ನು ನಡುವೆ ಹಾಕಬಹುದು. ಕಲ್ಲು, ಬೇಲಿಯ ಮೇಲೆ ಕ್ಯಾಮೆರಾ ನಿಲ್ಲಿಸಲು ಭತ್ತ ತುಂಬಿದ ಬಟ್ಟೆಚೀಲ ಟ್ರೈಪಾಡಿನ ಕೆಲಸ ಮಾಡುತ್ತದೆ. ಬಳಸಿದ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಜೇಡರ ನೂಲಿನಂಥ ಎಳೆ ಕಂಡರೆ ಬಿಟ್ಟುಬಿಡಿ.

ಪ್ರತಿ ಊರಿನಲ್ಲಿ ಹಂಚಿಕೊಂಡು ಬಳಸುವ ಒಂದು ಸಾಧಾರಣ ಕ್ಯಾಮೆರಾ, ಒಂದು ಒಣ ಡಬ್ಬಿ ಇರಲಿ. ಒಂದೇ ಜಾಗದಲ್ಲಿ ನಿಂತು, ಪ್ರತಿ ಋತುವಿನಲ್ಲಿ, ಒಂದೇ ಗುಡ್ಡದ ಚಿತ್ರ ತೆಗೆಯಿರಿ. ನಾಳೆ ಆ ಗುಡ್ಡದ ಪರವಾಗಿ ಮಾತಾಡಬೇಕಾದವರಿಗೆ ಬೇಕಾಗುವುದು ಆ ಸಾಲು ಚಿತ್ರಗಳು. ಅವನ್ನು ಯಾವ ಕಂಪನಿಯ ಕ್ಯಾಮೆರಾ ತೆಗೆಯಿತೆಂದು ಯಾರೂ ಕೇಳಲಾರರು.